ಗೋಲು ಬಂತು, ಜಾಗ ಹೋಯಿತು

2009ರ ಮೇ 27. ರೋಮ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ 2-0ರಿಂದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೋಲಿಸಿತು. ಗೋಲು ಹೊಡೆದವರು ಸ್ಯಾಮ್ಯುಯೆಲ್ ಎಟೋ ಮತ್ತು ಲಿಯೊನೆಲ್ ಮೆಸ್ಸಿ. ಅಂದು ಎಟೋ ಬಲಬದಿಗೆ ಸರಿದು ಮೆಸ್ಸಿಗೆ ನಡುವಿನ ಜಾಗ ಬಿಟ್ಟುಕೊಟ್ಟಿದ್ದರು.

ಗೆದ್ದ ತಂಡವನ್ನು ಯಾರಾದರೂ ಕದಲಿಸುತ್ತಾರೆಯೇ? ಬಾರ್ಸಿಲೋನಾ ಕದಲಿಸಿತು. ಎರಡೇ ತಿಂಗಳಲ್ಲಿ ಎಟೋ ಅವರನ್ನು ಇಂಟರ್ ಮಿಲಾನ್‌ಗೆ ಕೊಟ್ಟು, ಮೇಲೆ ಕೋಟಿಗಟ್ಟಲೆ ಯೂರೋ ಸೇರಿಸಿ, ಜ್ಲಾಟನ್ ಇಬ್ರಾಹಿಮೊವಿಚ್ ಅವರನ್ನು ತಂದಿತು.

ಇಬ್ರಾಹಿಮೊವಿಚ್ ಆ ಋತುವಿನಲ್ಲಿ 21 ಗೋಲು ಹೊಡೆದರು. ತಂಡ ಸ್ಪೇನ್ ಲೀಗನ್ನೂ ಗೆದ್ದಿತು. ಗೋಲಿಗೇನೂ ಕೊರತೆಯಾಗಲಿಲ್ಲ, ಕೊರತೆಯಾದದ್ದು ಜಾಗಕ್ಕೆ. ಎತ್ತರದ ಈ ಆಟಗಾರ ಗೋಲಿನ ಮುಂದೆ ನಿಂತರೆ ಎದುರಾಳಿ ಡಿಫೆಂಡರ್‌ಗಳೂ ಅಲ್ಲೇ ನಿಲ್ಲುತ್ತಿದ್ದರು. ಮೆಸ್ಸಿ ನುಗ್ಗಬೇಕಾದ ದಾರಿಯೂ ಅದೇ. ಕೋಚ್ ಪೆಪ್ ಗಾರ್ಡಿಯೋಲಾ ಮತ್ತೆ ಮೆಸ್ಸಿಯನ್ನು ನಡುವಿಗೆ ತಂದರು, ಇಬ್ರಾಹಿಮೊವಿಚ್ ಬೆಂಚಿಗೆ ಸರಿದರು.

2010ರ ಸೆಮಿಫೈನಲ್‌ನಲ್ಲಿ ಎದುರು ಬಂದದ್ದು ಅದೇ ಇಂಟರ್. ಎರಡನೇ ಪಂದ್ಯದಲ್ಲಿ ಇಂಟರ್‌ನ ಒಬ್ಬ ಆಟಗಾರನಿಗೆ ಕೆಂಪು ಕಾರ್ಡ್ ಬಿತ್ತು. ಆಗ ಎಟೋ ಹಿಂದೆ ಓಡಿ ಬಂದು ಅಂಚು ಕಾಯ್ದರು. ಎರಡೂ ಪಂದ್ಯ ಸೇರಿ 3-2ರಿಂದ ಬಾರ್ಸಿಲೋನಾ ಹೊರಬಿತ್ತು. ಕಪ್ ಇಂಟರ್ ಪಾಲಾಯಿತು.

ಅದೇ ಆಗಸ್ಟ್‌ನಲ್ಲಿ ಇಬ್ರಾಹಿಮೊವಿಚ್ ಎಸಿ ಮಿಲಾನ್‌ಗೆ ಹೋದರು. ಅಷ್ಟರಲ್ಲಿ ವೆಲೆನ್ಸಿಯಾದಿಂದ ಡೇವಿಡ್ ವಿಯಾ ಬಂದಿದ್ದರು. ಅವರೂ ಹೆಸರಾಂತ ಸ್ಟ್ರೈಕರ್. ಆದರೆ ಎಡಬದಿಯಲ್ಲಿ ಆಡಿ ನಡುವನ್ನು ಮೆಸ್ಸಿಗೆ ಬಿಟ್ಟರು. 2011ರ ವೆಂಬ್ಲಿ ಫೈನಲ್‌ನಲ್ಲಿ ಮತ್ತೆ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 3-1 ಗೆಲುವು: ಪೆಡ್ರೊ, ಮೆಸ್ಸಿ, ವಿಯಾ ಒಬ್ಬೊಬ್ಬರದೂ ಒಂದೊಂದು ಗೋಲು.

ದೊಡ್ಡ ಹೆಸರು ತಂಡ ಸೇರಿದಾಗ ಎಷ್ಟು ಗೋಲು ಹೊಡೆಯುತ್ತಾನೆ ಎಂದು ನಾವೆಲ್ಲ ಕೇಳುತ್ತೇವೆ. ಯಾರ ಜಾಗದಲ್ಲಿ ನಿಲ್ಲುತ್ತಾನೆ ಎಂದು ಮೊದಲು ಕೇಳಬೇಕು.