ಕೇಳುವುದು, ಕೇಳಿಕೊಳ್ಳುವುದು, ಮಾತು ಕೇಳುವುದು

ಕನ್ನಡದ ‘ಕೇಳು’ ಮೈಮುರಿದು ದುಡಿಯುವ ಪದ. ಹಾಡು ಕೇಳುತ್ತೇವೆ, ಸಾಲ ಕೇಳುತ್ತೇವೆ, ದೇವರಲ್ಲಿ ಕೇಳಿಕೊಳ್ಳುತ್ತೇವೆ. ‘ಮಗ ಮಾತೇ ಕೇಳಲ್ಲ’ ಎಂದು ತಾಯಿ ಗೊಣಗಿದರೆ ಅವನನ್ನು ಯಾರೂ ಕಿವಿ ಡಾಕ್ಟರ ಬಳಿ ಕರೆದೊಯ್ಯುವುದಿಲ್ಲ. ಪ್ರಾರ್ಥನೆಗೂ ವಿಧೇಯತೆಗೂ ಇರುವ ನಂಟಿನ ಬಗ್ಗೆ ಕ್ರೈಸ್ತರು ಶತಮಾನಗಳಿಂದ ಬರೆಯುತ್ತ ಬಂದಿದ್ದಾರೆ. ಅದನ್ನೆಲ್ಲ ಓದುವಾಗ ನನಗೆ ದಾರಿ ತೋರಿಸಿದ್ದು ಈ ಒಂದು ಪದ.

ಹೀಬ್ರೂವಿನಲ್ಲೂ ಹೀಗೆಯೇ: ‘ಶಮಾ’ ಎಂದರೆ ಆಲಿಸುವುದು, ಹೇಳಿದಂತೆ ನಡೆಯುವುದೂ ಹೌದು. ಬಾಲಕ ಸಮುವೇಲನಿಗೆ ಗುರು ಏಲಿ ಹೇಳಿಕೊಟ್ಟ ಪ್ರಾರ್ಥನೆಯಲ್ಲಿ ಬೇಡಿಕೆಯೇ ಇಲ್ಲ, ಕೇಳಲು ಸಿದ್ಧ ಎಂಬುದಷ್ಟೇ ಅದರ ಸಾರ. ಮುಂದೆ ಅದೇ ಸಮುವೇಲ, ಬಲಿಗಿಂತ ವಿಧೇಯತೆ ಮೇಲು ಎಂದು ಅರಸ ಸೌಲನನ್ನು ಗದರಿಸಿದ. ಧರ್ಮೋಪದೇಶಕ್ಕೆ ಕಿವಿ ಮುಚ್ಚಿಕೊಂಡವನ ಪ್ರಾರ್ಥನೆ ಅಸಹ್ಯವೆಂದೇ ಜ್ಞಾನೋಕ್ತಿಗಳ ಗ್ರಂಥ ಸಾರುತ್ತದೆ. ಮೊದಲು ಮಾತು ಕೇಳು, ಆಮೇಲೆ ಕೇಳಿಕೋ. ಇಷ್ಟು ಸರಳವಾಗಿದ್ದ ಲೆಕ್ಕ ಗೆತ್ಸೆಮನೆ ತೋಟದಲ್ಲಿ ಕದಡಿತು. ಪೂರ್ಣ ವಿಧೇಯರಾಗಿದ್ದ ಯೇಸುವೇ ತಮ್ಮ ಪಾಲಿನ ಸಂಕಟ ತಪ್ಪಲಿ ಎಂದು ಬೇಡಿದರು. ತಪ್ಪಲಿಲ್ಲ.

4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋದ ಸನ್ಯಾಸಿಗಳು ವಿಧೇಯತೆಯನ್ನು ಸಾಧನೆಯನ್ನಾಗಿ ಮಾಡಿಕೊಂಡರು. ಸ್ಕೇಟಿಸ್‌ನ ಕುಳ್ಳ ಯೋಹಾನನ ಕತೆ ಪ್ರಸಿದ್ಧ. ಗುರು ಒಣ ಕೋಲೊಂದನ್ನು ನೆಟ್ಟು, ದಿನವೂ ನೀರೆರೆ ಎಂದರು. ನೀರಿನ ಸೆಲೆ ಎಷ್ಟು ದೂರವೆಂದರೆ ಸಂಜೆ ಹೊರಟವನು ಮರಳುವಾಗ ಬೆಳಗಾಗುತ್ತಿತ್ತು. ಮೂರನೆಯ ವರ್ಷ ಕೋಲು ಚಿಗುರಿತು, ಹಣ್ಣೂ ಬಿಟ್ಟಿತು. ಚಿಗುರದೇ ಇದ್ದಿದ್ದರೆ ಕತೆ ಗೆತ್ಸೆಮನೆಗೆ ಇನ್ನಷ್ಟು ಹತ್ತಿರವಾಗಿರುತ್ತಿತ್ತು ಎಂಬುದು ನನ್ನ ತಕರಾರು. ಯೋಹಾನ ಕೇಳಿದ್ದು ಗುರುವಿನ ಮಾತನ್ನು. ಗುರುವಿನ ಮಾತು ಯಾವಾಗ ದೇವರ ಮಾತಾಯಿತು ಎಂಬ ಪ್ರಶ್ನೆಯೂ ಆ ಕೋಲಿನ ಜೊತೆಗೇ ಬೇರು ಬಿಟ್ಟಿತು.

ಈಜಿಪ್ಟಿನ ಮಠಗಳನ್ನು ಕಂಡುಬಂದಿದ್ದ ಜಾನ್ ಕ್ಯಾಸಿಯನ್ ಬರೆದಿಟ್ಟ ಒಂದು ನೋಟ ನನಗೆ ಹೆಚ್ಚು ಇಷ್ಟ. ಪ್ರಾರ್ಥನೆಗೋ ಕೆಲಸಕ್ಕೋ ಕರೆಯಲು ಬಾಗಿಲು ಬಡಿದ ಸದ್ದು ಕೇಳಿದೊಡನೆ, ಪ್ರತಿ ಮಾಡುತ್ತಿದ್ದ ಸನ್ಯಾಸಿ ಕೈಲಿದ್ದ ಅಕ್ಷರವನ್ನೂ ಮುಗಿಸದೆ ಎದ್ದುಬಿಡುತ್ತಿದ್ದ. ಅರ್ಧ ಸುತ್ತಿ ಬಿಟ್ಟ ಆ ಅಕ್ಷರದಲ್ಲಿ ಪ್ರಾರ್ಥನೆ ಎಲ್ಲಿ ಶುರು, ವಿಧೇಯತೆ ಎಲ್ಲಿ ಮುಗಿಯಿತು ಎಂದು ಬಿಡಿಸಿ ಹೇಳುವುದು ಕಷ್ಟ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಇದೇ ಶಿಸ್ತನ್ನು 73 ಅಧ್ಯಾಯಗಳ ನಿಯಮಾವಳಿಯಾಗಿಸಿದರು. ಅದರ ಮೊದಲ ಪದವೇ ‘ಕೇಳು’.

ಮಾರ್ಟಿನ್ ಲೂಥರ್ ಸಮಸ್ಯೆಯನ್ನೇ ತಿರುಗಿಸಿಟ್ಟರು. ವಿಧೇಯನಾದ ಮೇಲಷ್ಟೇ ಪ್ರಾರ್ಥಿಸಬಹುದು ಎಂದಾದರೆ ಪಾಪಿ ಬಾಯಿ ತೆರೆಯುವುದು ಯಾವಾಗ? ಪ್ರಾರ್ಥಿಸು ಎಂದವರು ದೇವರೇ ಆದ್ದರಿಂದ ಪ್ರಾರ್ಥನೆಯೇ ವಿಧೇಯತೆ ಎಂದು 1529ರ ದೊಡ್ಡ ಪ್ರಶ್ನೋತ್ತರ ಗ್ರಂಥದಲ್ಲಿ ವಾದಿಸಿದರು. 1535ರಲ್ಲಿ ತಮ್ಮ ಕ್ಷೌರಿಕ ಪೀಟರನಿಗಾಗಿ ಪುಟ್ಟ ಪುಸ್ತಕ ಬರೆದು, ದಶಾಜ್ಞೆಗಳನ್ನು ಒಂದೊಂದಾಗಿ ಹಿಡಿದು ಪ್ರಾರ್ಥಿಸುವ ಬಗೆ ಕಲಿಸಿದರು: ಪ್ರತಿ ಆಜ್ಞೆಯಿಂದ ಒಂದು ಪಾಠ, ಒಂದು ಕೃತಜ್ಞತೆ, ಒಂದು ತಪ್ಪೊಪ್ಪಿಗೆ, ಒಂದು ಬೇಡಿಕೆ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯನ್ನು ಬಿಟ್ಟು ಅಲೆಯುವುದಿಲ್ಲ, ಪ್ರಾರ್ಥಿಸುವವನ ಮನಸ್ಸೂ ಹಾಗಿರಬೇಕು ಎಂಬ ಮಾತೂ ಅಲ್ಲಿದೆ.

19ನೇ ಶತಮಾನದಲ್ಲಿ ದಕ್ಷಿಣ ಆಫ್ರಿಕಾದ ಆ್ಯಂಡ್ರೂ ಮರ್ರೆ ಪ್ರಾರ್ಥನೆಯನ್ನೂ ವಿಧೇಯತೆಯನ್ನೂ ‘ಶಾಲೆ’ ಎಂದು ಕರೆದು ಒಂದೊಂದು ಪುಸ್ತಕ ಬರೆದರು. ಭಕ್ತಿಯ ಬಿಸಿ ಇದೆ, ಹೊಸ ವಾದ ಕಡಿಮೆ.

ಬಿಸಿ ಮುಟ್ಟಿದ್ದು ಜರ್ಮನಿಯಲ್ಲಿ. ಹಿಟ್ಲರನ ಕಾಲದಲ್ಲಿ ಡೀಟ್ರಿಶ್ ಬಾನ್‌ಹೋಫರ್ ಫಿಂಕನ್‌ವಾಲ್ಡ್‌ನಲ್ಲಿ ನಡೆಸುತ್ತಿದ್ದ ಪಾದ್ರಿಗಳ ತರಬೇತಿ ಶಾಲೆಯಲ್ಲಿ ದಿನವೂ ಅರ್ಧ ಗಂಟೆ ಬೈಬಲಿನ ಒಂದೇ ಭಾಗದ ಮುಂದೆ ಮೌನವಾಗಿ ಕೂರಬೇಕಿತ್ತು. ವಿದ್ಯಾರ್ಥಿಗಳಿಗೆ ಅದು ಬೇಸರ. 1937ರಲ್ಲಿ ಪೊಲೀಸರು ಶಾಲೆ ಮುಚ್ಚಿಸಿದರು, ಅದೇ ವರ್ಷ ಶಿಷ್ಯತ್ವದ ಕುರಿತ ಅವರ ಪುಸ್ತಕ ಬಂತು. ದೇವರ ಮಾತು ಕೇಳಿ ಅರಸನ ಮಾತು ಮೀರಿದ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು.

ಯುದ್ಧ ಮುಗಿದ ಮೇಲೆ ‘ನಾನು ಹೇಳಿದ್ದನ್ನಷ್ಟೇ ಮಾಡಿದೆ’ ಎಂದವರ ಸಾಲು ನ್ಯಾಯಾಲಯಗಳಲ್ಲಿ ನಿಂತಿತ್ತು. ವಿಧೇಯತೆ ಎಂಬ ಪದ ಇನ್ನು ಕ್ರೈಸ್ತರ ಬಾಯಲ್ಲಿ ಮುಗ್ಧವಾಗಿ ಉಳಿಯಲಾರದು ಎಂದು ಜರ್ಮನಿಯ ಡೊರೊಥೀ ಸೊಲ್ಲೆ 1968ರಲ್ಲಿ ಬರೆದರು. ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅದೇ ವರ್ಷ ಅವರೂ ಗೆಳೆಯರೂ ಕಲೋನ್‌ನ ಚರ್ಚೊಂದರಲ್ಲಿ ‘ರಾಜಕೀಯ ರಾತ್ರಿ ಪ್ರಾರ್ಥನೆ’ ಆರಂಭಿಸಿದರು. ಜನ ಮೊದಲು ಕೂತು ವಿಯೆಟ್ನಾಂನಂಥ ಕಡೆಯ ಸುದ್ದಿ ಕೇಳುತ್ತಿದ್ದರು, ಆಮೇಲೆ ಧ್ಯಾನ, ಕೊನೆಗೆ ಮಾಡಬೇಕಾದ ಕೆಲಸದ ಚರ್ಚೆ.