ಗಾನತಟ್ಟೆಯೂ ಒಂದು ಪುಟ್ಟ ಪೆಟ್ಟಿಗೆಯ ಚರಿತ್ರೆಯೂ



ಕಳೆದ ದೀಪಾವಳಿಯ ಮುನ್ನ ಅಟ್ಟವನ್ನು ಗುಡಿಸುತ್ತಿದ್ದಾಗ ನಮ್ಮ ತಂದೆಯವರ ಹಳೆಯ ಟ್ರಂಕು ಕೈಗೆ ಸಿಕ್ಕಿತು. ಒಳಗೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ಎಲ್.ಪಿ. ರೆಕಾರ್ಡುಗಳು, ಅವುಗಳ ಕೆಳಗೆ ಪಿ. ಕಾಳಿಂಗರಾಯರ ಕೆಲವು 78 ಸುತ್ತಿನ ಅರಗಿನ ತಟ್ಟೆಗಳು. ನಿವೃತ್ತಿವೇತನದಲ್ಲಿ ಉಳಿಸಿದ ಹಣದಿಂದ ಒಂದು ಟರ್ನ್‌ಟೇಬಲ್ ತರಿಸಿ, ಮನೆಯಲ್ಲಿದ್ದ ಆಂಪ್ಲಿಫೈಯರಿಗೆ ಜೋಡಿಸಿ, ಭಕ್ತಿಯಿಂದ ಮುಳ್ಳನ್ನು ಇಳಿಸಿದೆ. ಧ್ವನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಕೇಳಿಸಿದ್ದು ದೂರದ ಬಾವಿಯೊಳಗಿಂದ ಬಂದಂತಹ ತೆಳ್ಳನೆಯ ಕೀರಲು ಸ್ವರ. ತಂಬೂರಿಯ ಖರಜವಿಲ್ಲ, ತಬಲಾದ ಡಗ್ಗವಿಲ್ಲ. ನಲವತ್ತು ವರ್ಷ ಅಟ್ಟದ ತೇವದಲ್ಲಿದ್ದು ಎಲ್ಲವೂ ಹಾಳಾಗಿವೆ ಎಂದು ನಿರ್ಧರಿಸಿ, ಗುಜರಿಯವನಿಗೆ ಮರುದಿನ ಬರುವಂತೆ ಹೇಳಿಯೂ ಬಿಟ್ಟೆ.

ಅಂದು ಸಂಜೆ ನನ್ನನ್ನು ನೋಡಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬೆಂಗಳೂರಿನಲ್ಲಿ ಎಂಜಿನಿಯರ್, ತಂತಿಗಳನ್ನು ನೋಡಿ ನಕ್ಕ. "ಸರ್, ರೆಕಾರ್ಡುಗಳೇನೂ ಕೆಟ್ಟಿಲ್ಲ. ನಡುವೆ ಫೋನೋ ಪ್ರಿಆಂಪ್ ಎಲ್ಲಿದೆ?" ಎಂದ. ನಾನು ಅದರ ಹೆಸರನ್ನೇ ಕೇಳಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದಾಗ ಒಂದು ಸ್ವಾರಸ್ಯಕರ ಚರಿತ್ರೆಯೇ ತೆರೆದುಕೊಂಡಿತು.

ಧ್ವನಿಮುದ್ರಣದ ಆದಿಯಲ್ಲಿ ವಿದ್ಯುತ್ತಿನ ಪಾತ್ರವಿರಲಿಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಗಾಯನವನ್ನು ಮುದ್ರಿಸಿದಾಗ, ಗಾಯಕಿ ಒಂದು ದೊಡ್ಡ ಕೊಳವೆಯೊಳಗೆ ಹಾಡಬೇಕಾಗಿತ್ತು. ಆ ದನಿಯ ಬಲವೇ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ರೆಕಾರ್ಡಿನ ಕಾರ್ಖಾನೆ ಆರಂಭವಾಯಿತು. ಮೈಕ್ರೊಫೋನ್ ಮತ್ತು ವಿದ್ಯುತ್ ಮುದ್ರಣ ವ್ಯವಹಾರಕ್ಕೆ ಬಂದದ್ದು 1925ರಲ್ಲಿ. ಆಗ ಮಂದ್ರ ಸ್ವರಗಳೂ ತಾರಸ್ಥಾಯಿಯ ಸೂಕ್ಷ್ಮಗಳೂ ಹಿಡಿತಕ್ಕೆ ಸಿಕ್ಕವು. ಜೊತೆಗೆ ಒಂದು ತೊಡಕೂ ಹುಟ್ಟಿತು.

ತೊಡಕು ಇದು. ಕೊರೆಯುವ ಮುಳ್ಳಿನ ವೇಗ ಒಂದೇ ಆಗಿದ್ದರೆ, ಸ್ವರ ತಗ್ಗಿದಷ್ಟೂ ಅದು ಹೆಚ್ಚು ಅಗಲಕ್ಕೆ ಓಲಾಡುತ್ತದೆ. 1000 ಹರ್ಟ್ಸ್ ಸ್ವರಕ್ಕಿಂತ 50 ಹರ್ಟ್ಸ್ ಸ್ವರದ ಓಲಾಟ 20 ಪಟ್ಟು. ಹಾಗೆಯೇ ಕೊರೆದರೆ ಒಂದು ಗೀರು ಪಕ್ಕದ ಗೀರಿಗೆ ತಾಗುತ್ತದೆ. ತಾಗದಂತೆ ಗೀರುಗಳನ್ನು ದೂರ ದೂರ ಇಟ್ಟರೆ ತಟ್ಟೆಯಲ್ಲಿ ಹಿಡಿಯುವ ಸಂಗೀತ ಕಡಿಮೆಯಾಗುತ್ತದೆ. ತಾರ ಸ್ವರಗಳದ್ದು ಇದಕ್ಕೆ ವಿರುದ್ಧ: ಅವುಗಳ ಓಲಾಟ ಎಷ್ಟು ಕಿರಿದೆಂದರೆ, ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಆದ್ದರಿಂದ ಮುದ್ರಿಸುವವರು ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತಿ ಕೊರೆಯತೊಡಗಿದರು. ನುಡಿಸುವಾಗ ಅದನ್ನು ತಿರುವುಮುರುವು ಮಾಡಿದರಾಯಿತು: ತಗ್ಗಿಸಿದ್ದನ್ನು ಎತ್ತಬೇಕು, ಎತ್ತಿದ್ದನ್ನು ತಗ್ಗಿಸಬೇಕು. ತಾರವನ್ನು ತಗ್ಗಿಸುವಾಗ ತಟ್ಟೆಯ ಸರಸರವೂ ತಗ್ಗುವುದು ಹೆಚ್ಚಿನ ಲಾಭ.

ಆದರೆ ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು? ಇಲ್ಲಿ ಒಮ್ಮತವಿರಲಿಲ್ಲ. 1948ರಲ್ಲಿ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ.ಯನ್ನು, 1949ರಲ್ಲಿ ಆರ್.ಸಿ.ಎ. ಸಂಸ್ಥೆ 45 ಸುತ್ತಿನ ತಟ್ಟೆಯನ್ನು ಹೊರತಂದವು. ಒಂದೊಂದು ಸಂಸ್ಥೆಯದೂ ಒಂದೊಂದು ಲೆಕ್ಕ. ಅಂದಿನ ಉತ್ತಮ ಆಂಪ್ಲಿಫೈಯರುಗಳಲ್ಲಿ ತಟ್ಟೆಗೆ ತಕ್ಕ ಲೆಕ್ಕವನ್ನು ಆರಿಸಲು ಪ್ರತ್ಯೇಕ ಗುಂಡಿಗಳೇ ಇರುತ್ತಿದ್ದವು. ಕೊನೆಗೆ 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘವು, ಅಂದರೆ ಆರ್.ಐ.ಎ.ಎ., ಒಂದು ಲೆಕ್ಕವನ್ನು ಗೊತ್ತುಪಡಿಸಿತು. ಕಾಲಕ್ರಮದಲ್ಲಿ ಜಗತ್ತೇ ಅದನ್ನು ಒಪ್ಪಿತು. ಅದರ ಪ್ರಕಾರ, 1000 ಹರ್ಟ್ಸ್ ಸ್ವರಕ್ಕೆ ಹೋಲಿಸಿದರೆ, 50 ಹರ್ಟ್ಸ್ ಸ್ವರವನ್ನು ಸುಮಾರು ಏಳರಲ್ಲಿ ಒಂದು ಪಾಲಿಗೆ ತಗ್ಗಿಸುತ್ತಾರೆ. 10,000 ಹರ್ಟ್ಸ್ ಸ್ವರವನ್ನು ಸುಮಾರು ಐದು ಪಟ್ಟು ಎತ್ತುತ್ತಾರೆ. ಏಳರಿಂದ ಭಾಗಿಸಿದ್ದನ್ನು ಏಳರಿಂದ ಗುಣಿಸಿದರೆ ಮೂಲ ಸಂಖ್ಯೆ ಮರಳುತ್ತದೆಂದು ನಿಮಗೆ ಐದನೆಯ ತರಗತಿಯಲ್ಲಿಯೇ ಹೇಳಿಕೊಟ್ಟಿದ್ದಾರೆ. ತಟ್ಟೆಯಲ್ಲಿರುವುದು ಭಾಗಾಕಾರ ಮಾತ್ರ. ಗುಣಾಕಾರ ಫೋನೋ ಪ್ರಿಆಂಪಿನ ಕೆಲಸ. ನಾನು ಕೇಳಿದ್ದು ಅರ್ಧಕ್ಕೆ ಬಿಟ್ಟ ಲೆಕ್ಕವನ್ನು!

ಹಾಗಾದರೆ ತಂದೆಯವರ ಕಾಲದ ಪ್ಲೇಯರಿನಲ್ಲಿ ಈ ಪೆಟ್ಟಿಗೆ ಏಕಿರಲಿಲ್ಲ? ಅಂದಿನ ಅಗ್ಗದ ಪ್ಲೇಯರುಗಳಲ್ಲಿದ್ದದ್ದು ಸ್ಫಟಿಕದ ಅಥವಾ ಸೆರಾಮಿಕ್ ಕಾರ್ಟ್ರಿಜ್. ಅದು ಹುಟ್ಟಿಸುವ ವಿದ್ಯುತ್ತು ಜೋರು. ಮುಳ್ಳಿನ ವೇಗಕ್ಕಲ್ಲ, ಓಲಾಟದ ಅಗಲಕ್ಕೆ ಸ್ಪಂದಿಸುವುದರಿಂದ ಲೆಕ್ಕವೂ ಹೆಚ್ಚುಕಡಿಮೆ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ಅದು ಗೀರಿನ ಮೇಲೆ ಭಾರವಾಗಿ ಕುಳಿತು ತಟ್ಟೆಯನ್ನು ಸವೆಸುತ್ತಿತ್ತು. ಇಂದಿನ ಅಯಸ್ಕಾಂತದ ಕಾರ್ಟ್ರಿಜ್ ಹಗುರ, ಸ್ವಚ್ಛ. ಅದರ ವಿದ್ಯುತ್ತು ಮಾತ್ರ ಸುಮಾರು 5 ಮಿಲಿವೋಲ್ಟ್. ಅದನ್ನು ನೂರು ಪಟ್ಟು ಹಿಗ್ಗಿಸಬೇಕು, ಲೆಕ್ಕವನ್ನೂ ಸರಿಪಡಿಸಬೇಕು. ಹಿಂದಿನ ಒಳ್ಳೆಯ ಆಂಪ್ಲಿಫೈಯರುಗಳ ಒಳಗೇ ಈ ವ್ಯವಸ್ಥೆಯಿತ್ತು. 1982ರಲ್ಲಿ ಸಿ.ಡಿ. ಬಂದ ಮೇಲೆ ಬಹಳಷ್ಟು ತಯಾರಕರು ಅದನ್ನು ಕ್ರಮೇಣ ಕೈಬಿಟ್ಟರು. ಈಗ ರೆಕಾರ್ಡುಗಳು ಮರಳಿವೆ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ವಿನೈಲ್ ತಟ್ಟೆಗಳು ಮಾರಾಟವಾದವು. ಕೈಬಿಟ್ಟ ಭಾಗವೇ ಪ್ರತ್ಯೇಕ ಪೆಟ್ಟಿಗೆಯಾಗಿ ಅಂಗಡಿಗೆ ಬಂದಿದೆ.

ಕೊಳ್ಳುವವರಿಗೆ ನಾನು ಕಲಿತ ನಾಲ್ಕು ಮಾತು. ಮೊದಲನೆಯದಾಗಿ, ನಿಮ್ಮ ಟರ್ನ್‌ಟೇಬಲಿನ ಹಿಂಬದಿಯನ್ನು ನೋಡಿ. ಕೆಲವಲ್ಲಿ ಪ್ರಿಆಂಪ್ ಒಳಗೇ ಇದ್ದು, 'ಫೋನೋ', 'ಲೈನ್' ಎಂಬ ಸ್ವಿಚ್ಚು ಇರುತ್ತದೆ. ಹಾಗಿದ್ದರೆ ಹಣ ಉಳಿಯಿತು. ಎರಡನ್ನೂ ಒಟ್ಟಿಗೆ ಬಳಸಿದರೆ ಎರಡು ಬಾರಿ ಗುಣಿಸಿದಂತಾಗಿ ಧ್ವನಿ ಮಂಕಾಗಿ ಗುಡುಗುತ್ತದೆ. ಎರಡನೆಯದು, ಕಾರ್ಟ್ರಿಜ್ 'ಎಂ.ಎಂ.' ಜಾತಿಯದಾದರೆ 40 ಡೆಸಿಬೆಲ್ ವರ್ಧನೆ ಮತ್ತು 47 ಕಿಲೋ ಓಮ್ ರೋಧವುಳ್ಳ ಸರಳ ಪೆಟ್ಟಿಗೆ ಸಾಕು. 'ಎಂ.ಸಿ.' ಜಾತಿಗೆ 60 ಡೆಸಿಬೆಲ್ ಬೇಕಾಗುವುದರಿಂದ ಬೆಲೆ ಏರುತ್ತದೆ. ಆರಂಭಿಸುವವರಿಗೆ ಅದರ ಗೊಡವೆ ಬೇಡ. ಮೂರನೆಯದು, ನೆಲದ ತಂತಿಯನ್ನು ಬಿಗಿಯುವ ತಿರುಪು ಇರಲೇಬೇಕು. ಇಲ್ಲವಾದರೆ ಗುಂಯ್‌ಗುಡುವ ಸದ್ದು ಸಂಗೀತದೊಡನೆ ಸೇರುತ್ತದೆ. ನಾಲ್ಕನೆಯದು, ಕಾಳಿಂಗರಾಯರಂಥವರ 78 ಸುತ್ತಿನ ತಟ್ಟೆಗಳು ಹೆಚ್ಚಾಗಿ 1954ರ ಲೆಕ್ಕಕ್ಕೆ ಒಳಪಟ್ಟವಲ್ಲ. ಅವುಗಳ ಗೀರು ಅಗಲವಾದುದರಿಂದ ಎಲ್.ಪಿ.ಯ ಮುಳ್ಳೂ ಹೊಂದುವುದಿಲ್ಲ. ಅವುಗಳಿಗೆ ಬೇರೆಯ ಮುಳ್ಳು ಬೇಕು, ಆ ವೇಗದಲ್ಲಿ ತಿರುಗುವ ಯಂತ್ರ ಬೇಕು. ನನ್ನವು ಇನ್ನೂ ಕಾಯುತ್ತಿವೆ.

ಆ ವಿದ್ಯಾರ್ಥಿಯ ಸಲಹೆಯಂತೆ ನಾನು ತರಿಸಿದ್ದು ಅಗ್ಗದ, ಅಂಗೈಯಗಲದ ಒಂದು ಪೆಟ್ಟಿಗೆ. ದುಬಾರಿ ಪೆಟ್ಟಿಗೆಗಳಲ್ಲಿ ಸದ್ದು ಇನ್ನೂ ಕಡಿಮೆಯಿದ್ದೀತು. ಆದರೆ ಲೆಕ್ಕ ಎಲ್ಲದರಲ್ಲಿಯೂ ಅದೇ 1954ರದು. ಅದನ್ನು ಜೋಡಿಸಿ ಭೀಮಸೇನರ ತಟ್ಟೆಯನ್ನು ಇಟ್ಟಾಗ, ಗಾಯನಕ್ಕೆ ಮೊದಲೇ ತಂಬೂರಿಯ ಖರಜ ಕೋಣೆಯನ್ನು ತುಂಬಿತು. ಭಾನುವಾರದ ಬೆಳಗುಗಳಲ್ಲಿ ತಂದೆಯವರು ಕಣ್ಣು ಮುಚ್ಚಿ ಕುಳಿತು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದುದು ನೆನಪಾಯಿತು. ಗುಜರಿಯವನು ಬಂದಾಗ ಹಳೆಯ ವೃತ್ತಪತ್ರಿಕೆಗಳನ್ನಷ್ಟೇ ಕೊಟ್ಟು ಕಳುಹಿಸಿದೆ.

ನಿಮ್ಮ ಅಟ್ಟಗಳಲ್ಲಿಯೂ ಇಂತಹ ಟ್ರಂಕುಗಳಿರಬಹುದು. ಕೆಟ್ಟಿವೆಯೆಂದು ತೀರ್ಮಾನಿಸುವ ಮೊದಲು ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. ಇದು ನಿಮ್ಮ ಹಳೆಯ ಮೇಷ್ಟರ ಮನವಿ.