ಮದ್ದು ಮುಟ್ಟದ ಮಿದುಳು

ದಕ್ಷಿಣ ಬೆಂಗಳೂರಿನಲ್ಲಿ ಜಗಳ ಬಿಸಿಯೇರಿದಾಗ ಬಾಯಿಗೆ ಬರುವ ಮಾತೊಂದಿದೆ: ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು.’ ಬೈಗುಳವಾಗಿಬಿಟ್ಟ ಆ ಮಾನಸಿಕ ಆರೋಗ್ಯ ಸಂಸ್ಥೆ ಇರುವುದು ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಗೆ ಅಂಟಿಕೊಂಡು. ಅಲ್ಲಿನ ನ್ಯೂರೋಪೆಥಾಲಜಿ ವಿಭಾಗದಲ್ಲಿ ಒಂದು ಮಿದುಳಿನ ಸಂಗ್ರಹಾಲಯವಿದೆ. ಶಾಲೆಯ ಮಕ್ಕಳೂ ಬಂದು ನೋಡುತ್ತಾರೆ; ಗ್ಲೌಸು ಹಾಕಿಕೊಂಡು ನಿಜವಾದ ಮಿದುಳನ್ನು ಅಂಗೈಯಲ್ಲಿ ಹಿಡಿಯಲು ಅವಕಾಶವೂ ಉಂಟು. ಪಾರ್ಶ್ವವಾಯು, ಗೆಡ್ಡೆ, ಲಾಡಿಹುಳುವಿನ ಗುಳ್ಳೆ, ಎಲ್ಲವೂ ಅಲ್ಲಿ ಬರಿಗಣ್ಣಿಗೆ ಕಾಣುವ ಗುರುತುಗಳು. ಆದರೆ ನಿಮ್ಹಾನ್ಸ್‌ಗೆ ಹೆಸರು ತಂದ ಕಾಯಿಲೆ ಸ್ಕಿಜೋಫ್ರೇನಿಯಾ ಮಾತ್ರ ಯಾವ ಮಿದುಳಿನ ಮೇಲೂ ಅಂಥ ಗುರುತು ಬಿಟ್ಟಿರುವುದಿಲ್ಲ.

ಇಲ್ಲದ ಗುರುತನ್ನು ಹುಡುಕಿದ ಕಥೆಗೆ ನೂರು ವರ್ಷ ಮೀರಿದೆ.

ಜರ್ಮನಿಯ ಎಮಿಲ್ ಕ್ರೆಪೆಲಿನ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಕಾಯಿಲೆಯನ್ನು ಬೇರೆ ಮಾಡಿ ವಿವರಿಸಿದಾಗ ಇದು ಮಿದುಳಿನ ರೋಗವೇ ಎಂದು ನಂಬಿದ್ದ. ಅವನ ಬಳಗದಲ್ಲಿದ್ದ ಅಲೋಯ್ಸ್ ಆಲ್ಝೈಮರ್ ಮುಪ್ಪಿನ ಮರೆವಿನ ಕಾಯಿಲೆಯ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಕಂಡ; ಕ್ರೆಪೆಲಿನ್ ಅದಕ್ಕೆ ಅವನ ಹೆಸರನ್ನೇ ಇಟ್ಟ. ಸ್ಕಿಜೋಫ್ರೇನಿಯಾ ಮಾತ್ರ ಕೈಗೆ ಸಿಗಲಿಲ್ಲ. ಯೂಜೆನ್ ಬ್ಲಾಯ್ಲರ್ 1908ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟ. ಹೆಸರು ಗಟ್ಟಿಯಾಯಿತು, ನೆಲೆ ಸಿಗಲಿಲ್ಲ. 1927ರಲ್ಲಿ ಯಾಕೋಬಿ ಮತ್ತು ವಿಂಕ್ಲರ್ ಎಂಬ ಇಬ್ಬರು ವೈದ್ಯರು ರೋಗಿಗಳ ಮಿದುಳಿನ ಕುಹರಗಳಿಗೆ ಗಾಳಿ ತುಂಬಿಸಿ ಎಕ್ಸ್‌ರೇ ತೆಗೆದರು. ಕುಹರವೆಂದರೆ ಮಿದುಳಿನೊಳಗೆ ದ್ರವ ತುಂಬಿದ ಪೊಳ್ಳು ಭಾಗ. ಅವು ಹಿಗ್ಗಿದಂತೆ ಕಂಡವು. ಆದರೆ ತಡೆಯಲಾಗದ ತಲೆನೋವು ತರುತ್ತಿದ್ದ ಆ ಪರೀಕ್ಷೆಯನ್ನು ಹೋಲಿಕೆಗೆಂದು ಆರೋಗ್ಯವಂತರ ಮೇಲೆ ಮಾಡುವುದು ಹೇಗೆ?

ಬೆಂಗಳೂರಿನ ಹಾದಿ ಬೇರೆ. ಬ್ರಿಟಿಷ್ ಅಧಿಕಾರಿ ಕಬ್ಬನ್ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ, ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್‌ನ ಉಸ್ತುವಾರಿಯಲ್ಲಿ ಇಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. 1925ರಲ್ಲಿ ಅದರ ಹೆಸರು ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆ ಎಂದಾಯಿತು, ಮುಂದಿನ ದಶಕದಲ್ಲಿ ಊರ ಹೊರಗಿನ ಈಗಿನ ಜಾಗಕ್ಕೆ ಬಂತು. ಅದನ್ನು ನಡೆಸಿದ ಡಾ. ಎಂ.ವಿ. ಗೋವಿಂದಸ್ವಾಮಿ ಭಾರತೀಯ ತತ್ತ್ವಶಾಸ್ತ್ರವನ್ನೂ ಆಳವಾಗಿ ಓದಿಕೊಂಡಿದ್ದವರು. ಅವರೇ ಶಸ್ತ್ರತಜ್ಞ ಬಾಲಕೃಷ್ಣ ರಾವ್ ಅವರೊಡನೆ, ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲ್ಯೂಕಾಟಮಿ ಶಸ್ತ್ರಚಿಕಿತ್ಸೆಯ ಅನುಭವವನ್ನು 1944ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲಿ ಏನು ಕೆಟ್ಟಿದೆ ಎಂದು ಯಾರಿಗೂ ತಿಳಿಯದ ಹೊತ್ತಿನಲ್ಲಿ ಕತ್ತಿ ಮೊದಲು ಹೋಗಿತ್ತು. ಇಂದು ಓದಿದರೆ ಮೈ ನಡುಗುತ್ತದೆ. ಆದರೆ ಪರಿಣಾಮಕಾರಿ ಗುಳಿಗೆಯೊಂದೂ ಇಲ್ಲದ ವಾರ್ಡುಗಳನ್ನು ನೆನೆಯದೆ ಆ ತಲೆಮಾರಿನ ಮೇಲೆ ತೀರ್ಪು ಕೊಡುವುದು ಸುಲಭದ ಕೆಲಸ.

1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದೂ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆದವು. ನರಶಸ್ತ್ರತಜ್ಞ ಡಾ. ಆರ್.ಎಂ. ವರ್ಮಾ ಅದರ ಮೊದಲ ನಿರ್ದೇಶಕರು. ಮನಸ್ಸಿನ ವೈದ್ಯರೂ ನರದ ವೈದ್ಯರೂ ಒಂದೇ ಸೂರಿನಡಿ ಬಂದದ್ದು ಮುಂದಿನ ಸಂಶೋಧನೆಗೆ ಒದಗಿದ ದೊಡ್ಡ ಅನುಕೂಲ.

ಹೊರಗಡೆ ಅಷ್ಟರಲ್ಲಿ ಗಾಳಿ ಬದಲಾಗುತ್ತಿತ್ತು. 1976ರಲ್ಲಿ, ಅದೇ ಲ್ಯಾನ್ಸೆಟ್‌ನಲ್ಲಿ, ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಸಂಗಡಿಗರು ಆಗಷ್ಟೇ ಬಂದಿದ್ದ ಸಿಟಿ ಸ್ಕ್ಯಾನ್ ಬಳಸಿ, ದೀರ್ಘಕಾಲ ಆಸ್ಪತ್ರೆಯಲ್ಲಿದ್ದ 17 ರೋಗಿಗಳ ಕುಹರಗಳು ಆರೋಗ್ಯವಂತರವುಗಳಿಗಿಂತ ದೊಡ್ಡವೆಂದು ತೋರಿಸಿದರು. ಎಂಆರ್‌ಐ ಬಂದ ಮೇಲೆ ಮಿದುಳಿನೊಳಗಿನ ಹಿಪೊಕ್ಯಾಂಪಸ್ ಎಂಬ ಭಾಗ ಕಿರಿದಾಗಿರುವುದು, ಬೂದು ದ್ರವ್ಯ ತೆಳುವಾಗಿರುವುದು ಕಂಡುಬಂತು. ನಿಮ್ಹಾನ್ಸ್‌ನಲ್ಲೇ ಮನೋವೈದ್ಯ ತರಬೇತಿ ಪಡೆದು ಅಮೆರಿಕಕ್ಕೆ ಹೋದ ಡಾ. ಮಾಚೇರಿ ಕೇಶವನ್ 1994ರಲ್ಲಿ ಸಂಗಡಿಗರೊಂದಿಗೆ ಒಂದು ಪ್ರಶ್ನೆ ಎತ್ತಿದರು. ಹರೆಯದಲ್ಲಿ ಮಿದುಳು ಬೇಡದ ನರಸಂಧಿಗಳನ್ನು ಗಿಡ ಸವರಿದಂತೆ ಸವರಿಕೊಳ್ಳುತ್ತದೆ. ಆ ಸವರಾಟ ಅತಿಯಾದರೆ? ಕಾಯಿಲೆ ಹದಿಹರೆಯದ ಕೊನೆಗೇ ಏಕೆ ತಲೆಯೆತ್ತುತ್ತದೆ ಎಂಬುದಕ್ಕೆ ಅಲ್ಲೊಂದು ಸುಳಿವಿತ್ತು.

ಆದರೆ ಒಂದು ತೊಡಕು ಬಿಡಿಸಿಕೊಳ್ಳಲಿಲ್ಲ: ಮಿದುಳು ಕುಗ್ಗಿದ್ದು ಕಾಯಿಲೆಯಿಂದಲೋ, ಮದ್ದಿನಿಂದಲೋ? 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಕಾಕ್ ಕೋತಿಗಳಿಗೆ 17ರಿಂದ 27 ತಿಂಗಳು ಈ ಕಾಯಿಲೆಯ ಮದ್ದುಗಳಾದ ಹ್ಯಾಲೊಪೆರಿಡಾಲ್ ಅಥವಾ ಒಲಾಂಜಪಿನ್ ಕೊಡಲಾಗಿತ್ತು. ಅವುಗಳ ಮಿದುಳಿನ ತೂಕ ಶೇ. 8ರಿಂದ 11ರಷ್ಟು ಕಡಿಮೆ ಇತ್ತು. ಕೋತಿಗಳಿಗೆ ಸ್ಕಿಜೋಫ್ರೇನಿಯಾ ಇರಲಿಲ್ಲ.

ಹಾಗಾದರೆ ಒಂದು ಗುಳಿಗೆಯನ್ನೂ ನುಂಗದ ರೋಗಿಯ ಮಿದುಳೇ ಬೇಕು. ಶ್ರೀಮಂತ ದೇಶಗಳಲ್ಲಿ ಅಂಥವರು ಸಿಗುವುದು ಅಪರೂಪ. ಕಾಯಿಲೆ ತಲೆಯೆತ್ತಿದ ಮೇಲೆ ಸಾಮಾನ್ಯವಾಗಿ ಬೇಗನೆ ಔಷಧಿ ಶುರುವಾಗಿರುತ್ತದೆ. ಇಲ್ಲಿ ಹಾಗಲ್ಲ. ದೇವರು, ದರ್ಗಾ, ಮಂತ್ರವಾದಿ, ಮದುವೆ ಮಾಡಿದರೆ ಸರಿಹೋಗುತ್ತದೆಂಬ ನೆಂಟರ ಸಲಹೆ ಎಲ್ಲ ಮುಗಿದು ಹೊಸೂರು ರಸ್ತೆಯ ಒಪಿಡಿಗೆ ಬರುವ ಹೊತ್ತಿಗೆ ವರ್ಷಗಳೇ ಉರುಳಿರುತ್ತವೆ. ನಿಮ್ಹಾನ್ಸ್ ತಂಡದವರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ರೋಗಿಗಳನ್ನು ಊರೂರಲ್ಲಿ ಗುರುತಿಸಿ ಚಿಕಿತ್ಸೆ ಕೊಡುವ ಕೆಲಸಕ್ಕೆ ಇಳಿದಾಗ, ಚಿಕಿತ್ಸೆಯನ್ನೇ ಕಾಣದೆ ದಿನ ದೂಡುತ್ತಿದ್ದವರು ಅಲ್ಲೂ ಸಿಕ್ಕರು. ಡಾ. ಬಿ.ಎನ್. ಗಂಗಾಧರ್, ಡಾ. ಪಿ.ಎನ್. ಜಯಕುಮಾರ್, ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಮೊದಲಾದವರು ಔಷಧಿ ಮುಟ್ಟದ ರೋಗಿಗಳ ಎಂಆರ್‌ಐ ಅಧ್ಯಯನಗಳನ್ನು 2005ರಿಂದಾಚೆಗೆ ಒಂದಾದ ಮೇಲೊಂದು ಪ್ರಕಟಿಸಿದರು. ಮದ್ದಿಗೆ ಮುಂಚೆಯೇ ಬೂದು ದ್ರವ್ಯದಲ್ಲಿ ಕೊರತೆ ಇತ್ತು. ವೆಂಕಟಸುಬ್ರಮಣಿಯನ್ ಅವರಿಗೆ 2018ರ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಸಮಾಜದ ಬಡತನ, ಹಿಂಜರಿಕೆಗಳೇ ವಿಜ್ಞಾನಕ್ಕೆ ಸಿರಿಯಾದ ಈ ವಿಚಿತ್ರವನ್ನು ಪ್ರಬಂಧಗಳ ‘ವಿಧಾನ’ ಅಧ್ಯಾಯ ಒಂದೇ ಸಾಲಿನಲ್ಲಿ ದಾಟಿಬಿಡುತ್ತದೆ.

ಇಂಥ ಅಧ್ಯಯನ ಮಾಡುವ ಪಿಎಚ್.ಡಿ. ವಿದ್ಯಾರ್ಥಿಯ ದಿನಚರಿಯಲ್ಲಿ ಈ ಇತಿಹಾಸದ ವೈಭವವೇನೂ ಕಾಣದು. ಒಪ್ಪಿಗೆ ಪತ್ರವನ್ನು ರೋಗಿಗೂ ಮನೆಯವರಿಗೂ ಓದಿ ಹೇಳಬೇಕು. ತಲೆಗೆ ಪೆಟ್ಟು ಬಿದ್ದವರನ್ನು, ಕುಡಿತದ ಚಟವಿದ್ದವರನ್ನು ಬಿಡಬೇಕು. ವಯಸ್ಸು, ಲಿಂಗ ಹೊಂದುವ ಆರೋಗ್ಯವಂತರನ್ನು ಹುಡುಕಬೇಕು. ಕಿವಿಯಲ್ಲಿ ದನಿ ಕೇಳುತ್ತಿರುವ ಹುಡುಗನನ್ನು ಗಡಗಡ ಸದ್ದಿನ ಕೊಳವೆಯಲ್ಲಿ ಅಲುಗಾಡದೆ ಮಲಗಿಸಬೇಕು. ತಲೆ ಕೊಂಚ ಹೊರಳಿದರೂ ಚಿತ್ರ ಹಾಳು. ಹಿಂದೆಲ್ಲ ಹಿಪೊಕ್ಯಾಂಪಸ್ಸಿನ ಅಂಚನ್ನು ಒಂದೊಂದು ಸ್ಲೈಸಿನಲ್ಲೂ ಮೌಸ್ ಹಿಡಿದು ಗೆರೆ ಎಳೆಯಬೇಕಿತ್ತು, ಅದೂ ಚಿತ್ರ ರೋಗಿಯದೋ ಆರೋಗ್ಯವಂತರದೋ ತಿಳಿಯದಂತೆ. ಈಗ ಸಾಫ್ಟ್‌ವೇರ್ ಎಳೆಯುತ್ತದೆ, ತಪ್ಪನ್ನು ಕಣ್ಣು ತಿದ್ದುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಸರಾಸರಿ. 2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ 2,028 ರೋಗಿಗಳನ್ನು 2,540 ಆರೋಗ್ಯವಂತರ ಜೊತೆ ಹೋಲಿಸಿತು; ಹಿಪೊಕ್ಯಾಂಪಸ್ ಕಿರಿದು, ಕುಹರ ಹಿರಿದು ಎಂಬುದು ಖಚಿತವಾಯಿತು. ಆದರೆ ಎರಡು ಗುಂಪುಗಳ ಅಳತೆಗಳು ಬಹುಪಾಲು ಒಂದರ ಮೇಲೊಂದು ಹೊದ್ದುಕೊಂಡೇ ಇವೆ. ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ಹೇಳಲು ಇವತ್ತಿಗೂ ಬರುವುದಿಲ್ಲ.

ಹಾಗಾಗಿ ಬನಶಂಕರಿಯಿಂದಲೋ ಹೊಸನಗರದಿಂದಲೋ ಬಂದ ತಂದೆಯ ಕೈಗೆ ಸಿಗುವ ವರದಿಯಲ್ಲಿ ಸಾಮಾನ್ಯವಾಗಿ ‘ನಾರ್ಮಲ್’ ಎಂದೇ ಇರುತ್ತದೆ. ‘ಏನೂ ಇಲ್ಲ ಅಂದ್ರೆ ಹುಡುಗ ಯಾಕ್ ಸಾರ್ ಹೀಗಾಡ್ತಾನೆ?’ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಅದೇ ಸ್ಕ್ಯಾನ್ ಒಳಗೆ ಯಾವುದೋ ಕಂಪ್ಯೂಟರಿನಲ್ಲಿ, ಹೆಸರು ಕಳಚಿ ಬರೀ ಸಂಖ್ಯೆಯಾಗಿ, ನೂರಾರು ಸ್ಕ್ಯಾನ್‌ಗಳ ಸಾಲಿಗೆ ಸೇರಿರುತ್ತದೆ. ತಂದೆ ಫಿಲ್ಮನ್ನು ಕವರಿಗೆ ಹಾಕಿಕೊಂಡು ಔಷಧಿ ಕೌಂಟರಿನ ಕ್ಯೂ ಕಡೆ ನಡೆಯುತ್ತಾರೆ.